ಲ್ಯಾಬಿಗೆ ಬೀಗ ಬೀಳಲಿ, ಕಂಪ್ಯೂಟರಿಗೆ ಬೇಡ

ನಮ್ಮ ಕಂಪ್ಯೂಟರ್ ಲ್ಯಾಬಿಗೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಮಾದಾಪುರ, ಸಿದ್ದಾಪುರ, ಶನಿವಾರಸಂತೆ ಕಡೆಯ ಬಸ್ಸು ಹಿಡಿಯಬೇಕಾದವರು ಅದಕ್ಕೂ ಮೊದಲೇ ಎದ್ದು ಹೊರಟಿರುತ್ತಾರೆ. ಕಳೆದ ತಿಂಗಳು ಟ್ಯಾಲಿಯಲ್ಲಿ ನನ್ನ ಬ್ಯಾಲೆನ್ಸ್ ಶೀಟಿನೊಳಗೆ ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ ಎಂಬ ಸಾಲು ಬಂದು ಕೂತಿತ್ತು. ಅದು ಟ್ಯಾಲಿ ತಾನಾಗಿಯೇ ಹಾಕುವ ಸಾಲು. ಎಲ್ಲೋ ಒಂದು ಆರಂಭಿಕ ಶಿಲ್ಕು ತಪ್ಪಿದೆ ಎಂದು ಅರ್ಥ. ಎಲ್ಲಿ ಎಂದು ಹುಡುಕುವಷ್ಟರಲ್ಲಿ ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು ಬೀಗದ ಕೈ ಅಲ್ಲಾಡಿಸುತ್ತಿದ್ದರು. ತಪ್ಪು ಸಿಕ್ಕಿದ್ದು ಐದು ದಿನ ಬಿಟ್ಟು, ಮುಂದಿನ ಲ್ಯಾಬ್ ಪೀರಿಯಡ್‌ನಲ್ಲಿ. ಒಂದು ಸೊನ್ನೆ ಹೆಚ್ಚಾಗಿತ್ತು, ಅಷ್ಟೇ.

ಅಟೆಂಡರ್ ಅಣ್ಣನ ಮೇಲೆ ನನ್ನ ದೂರಿಲ್ಲ. ಅವರಿಗೂ ಮನೆ ಇದೆ. ಆದರೆ ವರ್ಷವಿಡೀ ಕೂಡಿಸಿ ನೋಡಿದರೆ ನಮಗೆ ಕಂಪ್ಯೂಟರ್ ಮುಂದೆ ಸಿಗುವ ಸಮಯ ತೀರಾ ಕಡಿಮೆ. ಒಂದು ಕಂಪ್ಯೂಟರಿಗೆ ಇಬ್ಬರು ಕೂರುತ್ತೇವೆ, ಒಬ್ಬರು ಟೈಪ್ ಮಾಡಿದರೆ ಇನ್ನೊಬ್ಬರು ನೋಡುತ್ತಾರೆ. ಜುಲೈ ಬಂತೆಂದರೆ ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಜಿಲ್ಲಾಧಿಕಾರಿಗಳ ರಜೆಯ ಆದೇಶ. ಮಳೆ ರಜೆಗೆ ಹೋದ ಥಿಯರಿ ಕ್ಲಾಸುಗಳನ್ನು ಶನಿವಾರ ಮಧ್ಯಾಹ್ನ ಹೇಗೋ ಮುಗಿಸುತ್ತಾರೆ. ಹೋದ ಲ್ಯಾಬ್ ಪೀರಿಯಡ್ ಹೋದ ಹಾಗೆಯೇ. ಹುಡುಗರು ಬೇಕಾದರೆ ಸಂಜೆ ಪೇಟೆಯ ಸೈಬರ್ ಸೆಂಟರಿಗೆ ಹೋಗಿ ಕೂರುತ್ತಾರೆ. ನಾವು ಹುಡುಗಿಯರಲ್ಲಿ ಹೆಚ್ಚಿನವರು ನೇರ ಮನೆಗೆ.

ನಾನು ಕೇಳುತ್ತಿರುವುದು ಇಷ್ಟು. ಲ್ಯಾಬಿನ ಕೋಣೆಗೆ ಎಂದಿನಂತೆ ಬೀಗ ಹಾಕಿ. ಒಳಗಿನ ಒಂದು ಕಂಪ್ಯೂಟರ್ ಮಾತ್ರ ಆನ್ ಇರಲಿ, ನಾವು ಮನೆಯಿಂದ ಸುರಕ್ಷಿತವಾಗಿ ಅದರೊಳಗೆ ಹೋಗಿ ಕೆಲಸ ಮಾಡಲು ದಾರಿ ಇರಲಿ. ಇದು ಸಿನಿಮಾದ ಮಾತಲ್ಲ. ದಸರಾ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲೇ ನೋಡಿದ್ದೇನೆ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ನನ್ನ ಭಾಯಿ (ದೊಡ್ಡಪ್ಪನ ಮಗ) ರಜೆಗೆ ಬಂದಿದ್ದ. ತನ್ನ ಕಂಪ್ಯೂಟರನ್ನು ಮೈಸೂರಿನ ರೂಮಿನಲ್ಲೇ ಆನ್ ಮಾಡಿ ಬಿಟ್ಟು ಬಂದಿದ್ದ. ನಮ್ಮ ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್, ಎರಡು ಜಿಬಿ ರ‍್ಯಾಮ್, ಬ್ರೌಸರ್ ತೆರೆದರೆ ಫ್ಯಾನ್ ಮಿಕ್ಸಿಯಂತೆ ಕೂಗುತ್ತದೆ. ಅದರಲ್ಲಿ ಒಂದು ಕಪ್ಪು ಪರದೆ ತೆರೆದು ಒಂದೇ ಸಾಲು ಬರೆದ: ಎಸ್‌ಎಸ್‌ಎಚ್, ಒಂದು ಸ್ಪೇಸ್, ಮೈನಸ್ ಗುರುತು, ಅದಕ್ಕಂಟಿಕೊಂಡು ದೊಡ್ಡಕ್ಷರದ ಎಕ್ಸ್, ಮತ್ತೊಂದು ಸ್ಪೇಸ್, ಆಮೇಲೆ ಅವನ ಹೆಸರು ಮತ್ತು ಕಂಪ್ಯೂಟರಿನ ವಿಳಾಸ. ನಾನು ಮಾಡಿದಾಗ ಚಿಕ್ಕಕ್ಷರದ ಎಕ್ಸ್ ಹಾಕಿದ್ದೆ, ಏನೂ ಬರಲಿಲ್ಲ. ದೊಡ್ಡ ಎಕ್ಸ್ ‘ಕಿಟಕಿಗಳನ್ನು ಕಳಿಸು’ ಎನ್ನುತ್ತದೆ, ಚಿಕ್ಕ ಎಕ್ಸ್ ‘ಕಳಿಸಬೇಡ’ ಎನ್ನುತ್ತದೆ. ಇಂಥದ್ದನ್ನು ಯಾರು ಯೋಚಿಸಿ ಇಡುತ್ತಾರೋ!

ಒಳಗೆ ಹೋದ ಮೇಲೆ ಅವನು ಮೊದಲು ತೆರೆದದ್ದು ಎಕ್ಸ್‌ಐಸ್ ಎಂಬ ಪುಟ್ಟ ಪ್ರೋಗ್ರಾಂ. ಪರದೆಯ ಮೇಲೆ ಎರಡು ದೊಡ್ಡ ಕಣ್ಣು ಬಂದವು. ಮೌಸ್ ಹೋದ ಕಡೆಗೆಲ್ಲ ಆ ಕಣ್ಣು ತಿರುಗುತ್ತವೆ. ಬೇರೇನೂ ಮಾಡುವುದಿಲ್ಲ. ನನ್ನ ತಮ್ಮ ಬಿದ್ದು ಬಿದ್ದು ನಕ್ಕ. ನನಗೆ ಮಾತ್ರ ಬೇರೆ ಆಶ್ಚರ್ಯ. ಮೌಸ್ ನನ್ನ ಕೈಯಲ್ಲಿ ಕುಶಾಲನಗರದಲ್ಲಿ, ಕಣ್ಣು ತಿರುಗಿಸುವ ಪ್ರೋಗ್ರಾಂ ಸುಮಾರು 85 ಕಿಲೋಮೀಟರ್ ಆಚೆ ಮೈಸೂರಿನಲ್ಲಿ. ಆಮೇಲೆ ಗ್ನೂಕ್ಯಾಶ್ ಎಂಬ ಲೆಕ್ಕದ ಪ್ರೋಗ್ರಾಂ ತೆರೆದ. ಜರ್ನಲ್, ಲೆಡ್ಜರ್, ಡಬಲ್ ಎಂಟ್ರಿ ಎಲ್ಲ ಇರುವ ಉಚಿತ ತಂತ್ರಾಂಶ ಅದು. ನಮ್ಮ ಲ್ಯಾಪ್‌ಟಾಪಿನ ಫ್ಯಾನ್ ಉಸಿರೆತ್ತಲಿಲ್ಲ. ಲೆಕ್ಕ ಹಾಕುವ ದುಡಿಮೆಯೆಲ್ಲ ಅಲ್ಲಿ ನಡೆಯುತ್ತಿತ್ತು, ಇಲ್ಲಿಗೆ ಬರುತ್ತಿದ್ದದ್ದು ಕಿಟಕಿಯ ಚಿತ್ರ ಮಾತ್ರ. ಫೈಲ್ ಸೇವ್ ಆದದ್ದೂ ಅಲ್ಲಿಯೇ.

ಇದರ ಹಿಂದೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಎಕ್ಸ್ ವಿಂಡೋ ಸಿಸ್ಟಂ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದದ್ದು. ಅಲ್ಲಿ ವಿದ್ಯಾರ್ಥಿಗಳಿಗಾಗಿ ಅಥೀನಾ ಎಂಬ ಯೋಜನೆ ಇತ್ತು. ಬೇರೆ ಬೇರೆ ಕಂಪನಿಗಳ ಕಂಪ್ಯೂಟರುಗಳನ್ನು ಒಂದೇ ಜಾಲಕ್ಕೆ ಕಟ್ಟಬೇಕಿತ್ತು. ವಿದ್ಯಾರ್ಥಿ ಯಾವ ಮೂಲೆಯಲ್ಲಿ ಕೂತರೂ ಇನ್ನೊಂದು ಮೂಲೆಯ ಕಂಪ್ಯೂಟರಿನ ಪ್ರೋಗ್ರಾಂ ಅವನ ಪರದೆಯಲ್ಲಿ ಕಾಣಬೇಕಿತ್ತು. ಅಂದರೆ ನಾನೀಗ ಕೇಳುತ್ತಿರುವುದು ಹೊಸ ಸೌಲಭ್ಯವೇನಲ್ಲ, ನಲವತ್ತು ವರ್ಷದ ಹಿಂದೆ ಒಂದು ಕಾಲೇಜಿನ ಮಕ್ಕಳಿಗೆಂದೇ ಮಾಡಿದ್ದು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂತು, ಇವತ್ತಿಗೂ ನಂಬರ್ ಹನ್ನೊಂದೇ.

ಎರಡನೆಯದು ಎಸ್‌ಎಸ್‌ಎಚ್. ಮೊದಲೆಲ್ಲ ದೂರದ ಕಂಪ್ಯೂಟರಿಗೆ ಹೋಗುವಾಗ ಪಾಸ್‌ವರ್ಡ್ ಬರೆದದ್ದು ಬರೆದ ಹಾಗೆಯೇ ತಂತಿಯಲ್ಲಿ ಹೋಗುತ್ತಿತ್ತು. ಪೋಸ್ಟ್ ಕಾರ್ಡಿನಲ್ಲಿ ಎಟಿಎಂ ಪಿನ್ ಬರೆದು ಹಾಕಿದ ಹಾಗೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡುಗಳನ್ನು ಹೆಕ್ಕಿದರು. ಅಲ್ಲಿನ ತಾತು ಯುಲೊನೆನ್ ಎಂಬವರು ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಇದರಲ್ಲಿ ಹೋಗುವ ಬರುವ ಪ್ರತಿ ಅಕ್ಷರವೂ ಗೂಢಲಿಪಿಯಾಗಿರುತ್ತದೆ. ಎಕ್ಸ್‌ನ ಕಿಟಕಿಗಳನ್ನು ಎಸ್‌ಎಸ್‌ಎಚ್ ಎಂಬ ಈ ಕೊಳವೆಯೊಳಗೆ ಹಾಯಿಸುವುದೇ ಭಾಯಿ ಮಾಡಿದ ಕೆಲಸ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಹೆಸರು ಪೇಪರಿನಲ್ಲಿ ಓದಿರುತ್ತೀರಿ. ಅದನ್ನು ಬಳಸುವ ಸಂಶೋಧಕರೂ ಆ ಯಂತ್ರದ ಮುಂದೆ ಹೋಗಿ ಕೂರುವುದಿಲ್ಲ. ತಮ್ಮ ತಮ್ಮ ಜಾಗದಿಂದ ಇದೇ ಎಸ್‌ಎಸ್‌ಎಚ್ ಹಿಡಿದು ಒಳಗೆ ಹೋಗುತ್ತಾರೆ.

ಇಷ್ಟು ಹೇಳಿದಾಗ ನಮ್ಮ ಮನೆಯಲ್ಲಿ ಯಾರಿಗೂ ಸಂತೋಷವಾಗಲಿಲ್ಲ. ‘ದೂರದಿಂದ ಕಂಪ್ಯೂಟರ್ ಬಳಸುವುದು’ ಎಂಬ ಮಾತೇ ನಮ್ಮ ಮನೆಯಲ್ಲಿ ಕೆಟ್ಟ ಮಾತು. ಕಾರಣ ನನ್ನ ಮಾಮು.

ಮಾಮು ಪೇಟೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಎರಡು ವರ್ಷದ ಹಿಂದೆ ಒಬ್ಬ ಫೋನ್ ಮಾಡಿ, ನಿಮ್ಮ ಕೆವೈಸಿ ಮುಗಿದಿದೆ, ಇವತ್ತೇ ಮಾಡದಿದ್ದರೆ ಸಿಮ್ ಬಂದ್ ಆಗುತ್ತದೆ ಎಂದ. ಒಂದು ಆ್ಯಪ್ ಹಾಕಿಸಿದ. ಅದರಲ್ಲಿ ಬಂದ ನಂಬರನ್ನು ಓದಿ ಹೇಳಿಸಿಕೊಂಡ. ಆಮೇಲೆ ‘ಸರ್, ಬರೀ ಹತ್ತು ರೂಪಾಯಿ ಕಟ್ಟಿ’ ಎಂದ. ಮಾಮು ಕಟ್ಟುವಾಗ ಪಿನ್ ಒತ್ತಿದ್ದನ್ನೂ ಓಟಿಪಿ ಬಂದದ್ದನ್ನೂ ಆ ಮನುಷ್ಯ ಎಲ್ಲಿಯೋ ಕೂತು ನೋಡುತ್ತಿದ್ದ. ಅಂಗಡಿಯ ಖಾತೆ ಖಾಲಿಯಾಯಿತು. ರಾತ್ರಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು. ಹಣ ಇನ್ನೂ ಬಂದಿಲ್ಲ. ಇಂಥ ದೂರನಿಯಂತ್ರಣದ ಆ್ಯಪ್ ಹಾಕಿಸಿ ಮೋಸ ಮಾಡುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ಎಚ್ಚರಿಕೆ ಮಾಮುವಿನ ಅಂಗಡಿಯ ತನಕ ಬಂದಿರಲಿಲ್ಲ.

ಮಾಮುವಿಗೆ ನಾನು ಈ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನದು ಸುರಕ್ಷಿತ ಅಂತೀಯಲ್ಲ ಬೇಟಿ, ಅವನೂ ಹಾಗೇ ಅಂದಿದ್ದ. ವ್ಯತ್ಯಾಸ ಏನು?’

ನಾನು ಗೂಢಲಿಪಿ ಎಂದೆ. ಆಮೇಲೆ ಭಾಯಿಯನ್ನು ಕೇಳಿದರೆ, ಅಂಥ ಆ್ಯಪ್‌ಗಳಲ್ಲೂ ಗೂಢಲಿಪಿ ಇರುತ್ತದೆ, ನಡುದಾರಿಯಲ್ಲಿ ಯಾರೂ ಏನೂ ಕದ್ದಿಲ್ಲ ಎಂದ. ನನಗೆ ಎರಡು ದಿನ ತಲೆಯಲ್ಲಿ ಇದೇ ಓಡಿತು. ನಾವು ‘ಸೆಕ್ಯೂರ್’ ಎಂಬ ಪದ ಕೇಳಿದ ಕೂಡಲೇ ಸಮಾಧಾನ ಪಡುತ್ತೇವೆ. ಸೆಕ್ಯೂರ್ ಆಗಿರುವುದು ದಾರಿ. ದಾರಿಯ ಆ ತುದಿಯಲ್ಲಿ ನಿಂತಿರುವವನು ಒಳ್ಳೆಯವನು ಎಂದು ಎಸ್‌ಎಸ್‌ಎಚ್ ಕೂಡ ಹೇಳುವುದಿಲ್ಲ. ಮಾಮುವಿನ ವಿಷಯದಲ್ಲಿ ಆಗಿದ್ದೇನೆಂದರೆ, ಗುರುತಿಲ್ಲದ ಒಬ್ಬನನ್ನು ತಮ್ಮ ಮನೆಯೊಳಗೆ ಅವರೇ ಕರೆದು ಕೂರಿಸಿದರು. ಅವನು ಯಾರು, ಎಷ್ಟು ಹೊತ್ತು ಇರುತ್ತಾನೆ, ಯಾವ ಕೋಣೆಗೆ ಹೋಗಬಹುದು, ಯಾವುದಕ್ಕೂ ಲೆಕ್ಕವಿಲ್ಲ. ನಾನು ಕೇಳುತ್ತಿರುವ ವ್ಯವಸ್ಥೆಯಲ್ಲಿ ದಾರಿಯ ದಿಕ್ಕೇ ಬೇರೆ. ಹೋಗುವವರು ನಾವು. ಹೋಗುವುದು ನಮ್ಮದೇ ಕಾಲೇಜಿನ ಕಂಪ್ಯೂಟರಿಗೆ. ನಮ್ಮ ಹೆಸರಿನಲ್ಲಿ ಒಂದು ಖಾತೆ, ಅದಕ್ಕೆ ಮಿತಿ, ಯಾವಾಗ ಬಂದೆವು ಯಾವಾಗ ಹೋದೆವು ಎಂಬುದಕ್ಕೆ ದಾಖಲೆ.

ಮನೆಯಲ್ಲಿ ನಾವು ‘ಅಮಾನತ್’ ಎನ್ನುತ್ತೇವೆ. ಒಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟದ್ದು. ಊರಿಗೆ ಹೋಗುವಾಗ ಪಕ್ಕದ ಮನೆಯವರು ಅಮ್ಮಿಯ ಹತ್ತಿರ ಕೊಟ್ಟು ಹೋಗುವ ಒಡವೆ ಅಮಾನತ್. ಕನ್ನಡ ಪೇಪರಿನಲ್ಲಿ ಮೊದಲ ಸಲ ‘ಅಧಿಕಾರಿ ಅಮಾನತು’ ಎಂದು ಓದಿದಾಗ, ಯಾರನ್ನೋ ಯಾರ ಮನೆಯಲ್ಲೋ ಜೋಪಾನವಾಗಿ ಇಟ್ಟಿದ್ದಾರೆ ಎಂದುಕೊಂಡಿದ್ದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಸಿಗುವ ಖಾತೆ ಮೊದಲನೆಯ ಅರ್ಥದ ಅಮಾನತ್. ಅದನ್ನು ಗೆಳತಿಗೆ ಕೊಟ್ಟವರಿಗೆ, ಅದರಲ್ಲಿ ಸಿನಿಮಾ ಇಳಿಸಿಕೊಂಡವರಿಗೆ ಎರಡನೆಯ ಅರ್ಥದ ಅಮಾನತು ಆಗಲಿ, ನನ್ನ ತಕರಾರಿಲ್ಲ.

ಪಾಸ್‌ವರ್ಡಿನ ಬದಲು ಕೀಲಿ ಬಳಸಿದರೆ ಇದು ಇನ್ನೂ ಬಿಗಿಯಾಗುತ್ತದೆ. ಎಸ್‌ಎಸ್‌ಎಚ್‌ನಲ್ಲಿ ನಮ್ಮ ಕಂಪ್ಯೂಟರೇ ಒಂದು ಜೋಡಿ ಮಾಡಿಕೊಡುತ್ತದೆ. ಒಂದು ಬೀಗದಂತೆ, ಇನ್ನೊಂದು ಅದರ ಕೀಲಿಯಂತೆ. ಬೀಗವನ್ನು ಕಾಲೇಜಿಗೆ ಕೊಡುತ್ತೇವೆ, ಕೀಲಿ ನಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಬರುವುದಿಲ್ಲ. ಫೋನಿನಲ್ಲಿ ಯಾರೋ ಸಿಹಿಯಾಗಿ ಮಾತಾಡಿ ಓದಿ ಹೇಳಿಸಿಕೊಳ್ಳಲು ಅದು ಆರಂಕಿಯ ಓಟಿಪಿ ಅಲ್ಲ. ಮೊದಲ ಸಲ ಹೋಗುವಾಗ ಎಸ್‌ಎಸ್‌ಎಚ್ ಒಂದು ಉದ್ದದ ಬೆರಳಚ್ಚು ತೋರಿಸಿ, ‘ಈ ಕಂಪ್ಯೂಟರ್ ನನಗೆ ಗೊತ್ತಿಲ್ಲ, ಮುಂದುವರಿಯಲೇ?’ ಎಂದು ಕೇಳುತ್ತದೆ. ಎಲ್ಲರೂ ಓದದೆ ‘ಯೆಸ್’ ಒತ್ತುತ್ತಾರಂತೆ. ಭಾಯಿಯೂ ಹಾಗೆಯೇ ಒತ್ತಿದ್ದನಂತೆ. ನಮ್ಮಲ್ಲಿ ಹಾಗಾಗಬಾರದು. ಕಾಲೇಜಿನ ಕಂಪ್ಯೂಟರಿನ ಬೆರಳಚ್ಚನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಚ್ಚಿ, ನಾವು ಬರೆದುಕೊಂಡು ಹೋಗಿ ಮನೆಯಲ್ಲಿ ತಾಳೆ ನೋಡುತ್ತೇವೆ. ಲೆಡ್ಜರ್ ತಾಳೆ ನೋಡುವವರಿಗೆ ಇದೇನು ಕಷ್ಟ?

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಎಕ್ಸ್‌ನ ಕಿಟಕಿ ನಮ್ಮ ಪರದೆಗೆ ಬಂದಾಗ ಬಾಗಿಲು ಸ್ವಲ್ಪ ಈ ಕಡೆಗೂ ತೆರೆದಿರುತ್ತದೆ. ಆ ಕಡೆಯ ಕಂಪ್ಯೂಟರ್ ಕೆಟ್ಟವರ ಕೈಯಲ್ಲಿದ್ದರೆ ನಾವು ಒತ್ತುವ ಕೀಗಳನ್ನು ಅದು ಕದ್ದು ನೋಡಲು ಸಾಧ್ಯ. ಆದ್ದರಿಂದ ದೊಡ್ಡ ಎಕ್ಸ್ ಆಜ್ಞೆಯನ್ನು ಗುರುತಿಲ್ಲದ ಕಂಪ್ಯೂಟರಿಗೆ ಬಳಸಬಾರದು. ನಮ್ಮ ಕಾಲೇಜಿನದಕ್ಕೆ ಬಳಸುವಾಗಲೂ ಪಕ್ಕದಲ್ಲಿ ಅಬ್ಬಾನ ಬ್ಯಾಂಕ್ ಪುಟ ತೆರೆದಿಟ್ಟುಕೊಳ್ಳುವುದು ಬೇಡ.

ಇನ್ನು ಆಕ್ಷೇಪಣೆಗಳು. ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬ ಸರ್, ‘ಕರೆಂಟೇ ಇರಲ್ಲ, ನೆಟ್‌ವರ್ಕೇ ಸಿಗಲ್ಲ, ನೀನು ಮೈಸೂರಿನ ಕಿಟಕಿ ತೋರಿಸ್ತೀಯ’ ಎಂದು ನಕ್ಕರು. ಅವರು ಹೇಳಿದ್ದು ಅರ್ಧ ಸರಿ. ಎಕ್ಸ್ ಮಾಡಿದ್ದು ಒಂದೇ ಆವರಣದೊಳಗಿನ ಜಾಲಕ್ಕೆ. ಒಂದು ಮೆನು ತೆರೆಯಲೂ ಈ ಕಡೆಯಿಂದ ಆ ಕಡೆಗೆ ಎಷ್ಟೋ ಸಲ ಮಾತುಕತೆ ನಡೆಯುತ್ತದೆ. ಮೊಬೈಲ್ ಡೇಟಾದಲ್ಲಿ ಅದು ಎಳೆಯುತ್ತದೆ. ನಮ್ಮ ಮನೆಯಲ್ಲೇ ಗ್ನೂಕ್ಯಾಶ್ ತೆರೆಯುವಷ್ಟರಲ್ಲಿ ಅಮ್ಮಿ ಚಹಾ ಮಾಡಿ ತಂದಿದ್ದರು. ಇನ್ನೂ ಕೆಟ್ಟದ್ದೆಂದರೆ ನಡುವೆ ಸಂಪರ್ಕ ಕಡಿದರೆ ಆ ಕಿಟಕಿ ಸತ್ತುಹೋಗುತ್ತದೆ, ಸೇವ್ ಮಾಡದ ಕೆಲಸ ಅದರ ಜೊತೆಗೇ ಹೋಗುತ್ತದೆ. ಇದಕ್ಕೆ ಬೇರೆ ದಾರಿಗಳಿವೆ. ಎಕ್ಸ್‌ಪ್ರಾ, ಎಕ್ಸ್‌ಟೂಗೋ ಎಂಬ ಉಚಿತ ತಂತ್ರಾಂಶಗಳು ಇದೇ ಎಸ್‌ಎಸ್‌ಎಚ್ ಕೊಳವೆಯೊಳಗೇ ಓಡುತ್ತವೆ. ನೆಟ್‌ವರ್ಕ್ ಹೋದರೂ ಆ ಕಡೆ ಪ್ರೋಗ್ರಾಂ ಬದುಕಿರುತ್ತದೆ, ಮತ್ತೆ ಬಂದಾಗ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು. ಕಾಲೇಜಿನ ಕಡೆ ಕರೆಂಟ್ ಹೋಗುವುದಕ್ಕೆ ಆಫೀಸಿನಲ್ಲಿರುವ ಯುಪಿಎಸ್ ಲೈನನ್ನೇ ಆ ಒಂದು ಕಂಪ್ಯೂಟರಿಗೂ ಎಳೆದರಾಯಿತು.

ಆದರೆ ಆ ಸರ್ ಹೇಳದ ಒಂದು ಮಾತು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಎಷ್ಟು ಜನ? ಕೈ ಎತ್ತಿ ಎಂದರೆ ಹೆಚ್ಚು ಕೈ ಏಳುವುದಿಲ್ಲ. ಹಲವರಿಗೆ ಇರುವುದು ಅಪ್ಪನ ಫೋನು, ಅದೂ ಅಪ್ಪ ಮನೆಗೆ ಬಂದ ಮೇಲೆ. ಫೋನಿನಲ್ಲೂ ಮಾಡಬಹುದು, ಆದರೆ ಅಷ್ಟು ಚಿಕ್ಕ ಪರದೆಯಲ್ಲಿ ಟ್ರಯಲ್ ಬ್ಯಾಲೆನ್ಸ್ ನೋಡುವುದು ಕಣ್ಣಿಗೆ ಶಿಕ್ಷೆ. ಹಾಗಾಗಿ ಲ್ಯಾಪ್‌ಟಾಪ್ ಇರುವವರಿಗೆ ಇನ್ನಷ್ಟು ಅನುಕೂಲ ಮಾಡಿ ಇಲ್ಲದವರನ್ನು ಇನ್ನಷ್ಟು ಹಿಂದೆ ಬಿಟ್ಟಂತಾಗುತ್ತದೆಯೇ ಎಂದು ಯೋಚಿಸಿದ್ದೇನೆ. ನನಗೆ ಹೊಳೆದ ಉತ್ತರ ಇದು: ಮೊದಲು ಲ್ಯಾಬಿನೊಳಗೇ ಶುರು ಮಾಡೋಣ. ಕಿಟಕಿಯ ಪಕ್ಕದ ಸಾಲಿನ ಹಳೆಯ ಕಂಪ್ಯೂಟರುಗಳನ್ನು ಯಾರೂ ಮುಟ್ಟುವುದಿಲ್ಲ, ಅಷ್ಟು ನಿಧಾನ. ಅವನ್ನು ಬರೀ ಪರದೆ ಮತ್ತು ಕೀಬೋರ್ಡಿನಂತೆ ಬಳಸಿ, ಪ್ರೋಗ್ರಾಂಗಳನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸಿದರೆ? ಲ್ಯಾಬಿನೊಳಗಿನ ಕೇಬಲ್ಲಿನಲ್ಲಿ ಎಕ್ಸ್ ಚೆನ್ನಾಗಿ ಓಡುತ್ತದೆ, ಇಂಟರ್ನೆಟ್ಟೂ ಬೇಕಿಲ್ಲ, ಸಿದ್ದಾಪುರದ ಟವರ್ ಹಾಳಾದರೂ ಚಿಂತೆಯಿಲ್ಲ. ಆಗ ಒಂದು ಕಂಪ್ಯೂಟರಿಗೆ ಇಬ್ಬರು ಕೂರುವುದು ತಪ್ಪುತ್ತದೆ. ಇದರಿಂದ ಎಲ್ಲರಿಗೂ ಲಾಭ. ಮನೆಯಿಂದ ಬರುವ ದಾರಿಯನ್ನು ಆಮೇಲೆ ತೆರೆದರಾಯಿತು.

ಟ್ಯಾಲಿಯ ಮಾತು ಬೇರೆ. ಅದು ನಮ್ಮ ಬೆಂಗಳೂರಿನದೇ ತಂತ್ರಾಂಶ, 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿಯದು. ಆದರೆ ಓಡುವುದು ವಿಂಡೋಸ್‌ನಲ್ಲಿ, ಹಾಗಾಗಿ ಎಕ್ಸ್‌ನ ದಾರಿ ಅದಕ್ಕೆ ನೇರ ಆಗುವುದಿಲ್ಲ. ವಿಂಡೋಸ್‌ಗೆ ರಿಮೋಟ್ ಡೆಸ್ಕ್‌ಟಾಪ್ ಎಂಬ ತನ್ನದೇ ದಾರಿ ಇದೆ. ಅದನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡುವುದು ಬೀದಿಗೆ ಬಾಗಿಲು ತೆರೆದು ಮಲಗಿದಂತೆ. ಅದನ್ನೂ ಎಸ್‌ಎಸ್‌ಎಚ್ ಕೊಳವೆಯೊಳಗೇ ಹಾಯಿಸಬೇಕು. ಸಾಮಾನ್ಯ ವಿಂಡೋಸ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ, ಆದ್ದರಿಂದ ಟ್ಯಾಲಿಗೆ ಸರದಿ ಹಾಕಬೇಕಾಗುತ್ತದೆ. ಮನೆಯಲ್ಲೇ ಟ್ಯಾಲಿ ಹಾಕಿಕೊಳ್ಳಬಹುದಲ್ಲ ಎನ್ನುವವರಿಗೆ: ಲೈಸೆನ್ಸ್ ಇಲ್ಲದ ಎಜುಕೇಶನಲ್ ಮೋಡ್‌ನಲ್ಲಿ ತಿಂಗಳ ಎಲ್ಲ ದಿನಾಂಕಕ್ಕೂ ಎಂಟ್ರಿ ಹಾಕಲು ಬರುವುದಿಲ್ಲ. ಒಂದು, ಎರಡು, ಮೂವತ್ತೊಂದು, ಅಷ್ಟಕ್ಕೇ ಬಿಡುತ್ತದೆ. ಮಾಮುವಿನ ಅಂಗಡಿಯ ಲೆಕ್ಕವನ್ನು ಅದರಲ್ಲಿ ಬರೆಯಲು ಹೋದರೆ ಅವರು ತಿಂಗಳಿಗೆ ಎರಡು ಮೂರು ದಿನ ಮಾತ್ರ ಬಾಗಿಲು ತೆರೆದಂತೆ ಕಾಣುತ್ತದೆ. ಈಗ ಆಡಿಟರ್ ಆಫೀಸುಗಳಲ್ಲಿ ‘ಟ್ಯಾಲಿ ಆನ್ ಕ್ಲೌಡ್’ ಎನ್ನುವುದೂ ಮೂಲದಲ್ಲಿ ಇದೇ ಸಂಗತಿ. ಟ್ಯಾಲಿ ಎಲ್ಲೋ ಒಂದು ಸರ್ವರಿನಲ್ಲಿ ಓಡುತ್ತದೆ, ಗುಮಾಸ್ತರ ಪರದೆಗೆ ಕಿಟಕಿ ಬರುತ್ತದೆ. ಕಾಮರ್ಸ್ ಮುಗಿಸಿ ನಾವು ಸೇರುವುದು ಇಂಥ ಆಫೀಸುಗಳಿಗೇ.

ಆಫೀಸಿನವರ ಭಯ ನನಗೆ ಅರ್ಥವಾಗುತ್ತದೆ. ಅಡ್ಮಿಷನ್ ದಾಖಲೆ, ಅಂಕಪಟ್ಟಿ, ಪ್ರಶ್ನೆಪತ್ರಿಕೆ ಇರುವ ಕಂಪ್ಯೂಟರುಗಳ ಹತ್ತಿರಕ್ಕೂ ಈ ದಾರಿ ಹೋಗಬಾರದು. ವಿದ್ಯಾರ್ಥಿಗಳ ಕಂಪ್ಯೂಟರ್ ಬೇರೆ ಜಾಲದಲ್ಲಿರಲಿ. ಪಾಸ್‌ವರ್ಡ್ ದಾರಿ ಪೂರ್ತಿ ಮುಚ್ಚಿ, ಕೀಲಿ ಇದ್ದವರಿಗೆ ಮಾತ್ರ ಪ್ರವೇಶ. ರಾತ್ರಿ ಹತ್ತಕ್ಕೆ ತಾನಾಗಿ ಆಫ್. ಯಾರು ಬಂದರು ಎಂಬ ದಾಖಲೆಯನ್ನು ಕಂಪ್ಯೂಟರ್ ಮೇಡಂ ವಾರಕ್ಕೊಮ್ಮೆ ನೋಡಲಿ. ಕಾಲೇಜಿನ ಇಂಟರ್ನೆಟ್ ಸಂಪರ್ಕಕ್ಕೆ ಹೊರಗಿನಿಂದ ನೇರ ವಿಳಾಸ ಇದೆಯೇ ಎಂದು ಸಂಪರ್ಕ ಕೊಟ್ಟವರನ್ನು ಕೇಳಬೇಕು, ಇಲ್ಲದಿದ್ದರೆ ನಡುವೆ ಒಂದು ವಿಪಿಎನ್ ಬೇಕಾಗುತ್ತದೆ. ಖರ್ಚು ಎಂದರೆ ಇದೊಂದೇ, ಉಳಿದ ತಂತ್ರಾಂಶಗಳೆಲ್ಲ ಉಚಿತ.

ಪ್ರಾಂಶುಪಾಲರಿಗೆ ನಾವು ಒಂಬತ್ತು ಜನ ಸೇರಿ ಅರ್ಜಿ ಕೊಟ್ಟಿದ್ದೇವೆ. ‘ಮೊದಲು ಮಾಡಿ ತೋರಿಸಿ, ಆಮೇಲೆ ನೋಡೋಣ’ ಎಂದಿದ್ದಾರೆ. ಕಂಪ್ಯೂಟರ್ ಮೇಡಂ ಹಳೆಯ ಸಾಲಿನ ಎರಡು ಕಂಪ್ಯೂಟರ್ ಕೊಡಲು ಒಪ್ಪಿದ್ದಾರೆ. ಬರುವ ಬುಧವಾರ ಊಟದ ಬಿಡುವಿನಲ್ಲಿ ಲ್ಯಾಬಿನಲ್ಲಿ ಮಾಡಿ ತೋರಿಸುತ್ತೇನೆ. ಆರ್ಟ್ಸ್, ಸೈನ್ಸ್ ಯಾರೂ ಬರಬಹುದು, ಮೊದಲು ಆ ಎರಡು ಕಣ್ಣುಗಳನ್ನೇ ತೆರೆಯುತ್ತೇನೆ. ಮಾಮುವನ್ನೂ ಕರೆದಿದ್ದೇನೆ. ಅಂಗಡಿ ಬಿಟ್ಟು ಬರುತ್ತಾರೋ ಇಲ್ಲವೋ ಹೇಳಲಾರೆ.